ಮೋಡಕ್ಕೆ ಬಾಡಿಗೆ

ಮೋಡಕ್ಕೆ ಬಾಡಿಗೆ ಕೊಟ್ಟವರಿಲ್ಲ ನಮ್ಮ ದ್ವೀಪದಲ್ಲಿ.
ಟೋರ್ಸ್‌ಹಾವ್ನಿನಲ್ಲಿ ಅದು ಪುಕ್ಕಟೆ.
ಬೆಳಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೇ ಕೂತಿರುತ್ತದೆ,
ಪಕ್ಕಕ್ಕೆ ಸರಿಸಿಕೊಂಡು ಆಫೀಸಿಗೆ ಹೋಗಬೇಕು.
ಈಗ ನನ್ನ ಮೇಜಿನ ಮೇಲೆ ಮೂರು ಕಂಪನಿಗಳ ದರಪಟ್ಟಿ:
ಮೋಡ, ಟೆರಾಬೈಟಿಗೆ ಇಷ್ಟು, ತಿಂಗಳಿಗೆ ಇಷ್ಟು.

ನಾನು ಮೀನು ಸಂಶೋಧನಾಲಯದ ಲೆಕ್ಕಪತ್ರದವಳು.
ಮೀನು ಹಿಡಿದವಳಲ್ಲ, ಎಣಿಸಿದವಳೂ ಅಲ್ಲ,
ಎಣಿಸುವವರ ಬಿಲ್ಲುಗಳನ್ನು ಎಣಿಸುವವಳು.
ಇಪ್ಪತ್ತೆರಡು ವರ್ಷ ನಮ್ಮ ಹಡಗು ಕಡಲೊಳಗೆ ಕೂಗು ಹಾಕಿ
ಮರುದನಿ ತುಂಬಿಕೊಂಡು ಬಂದಿದೆ,
ಸೆಕೆಂಡಿಗೊಂದು ಕೂಗು, ಕೂಗಿಗೊಂದು ಓ.
ಎಲ್ಲ ನೆಲಮಾಳಿಗೆಯ ಡಿಸ್ಕುಗಳಲ್ಲಿ.
ಹೋದ ಚಳಿಗಾಲ ಅಲ್ಲಿ ಪೈಪು ಒಡೆದು ಮೊಣಕಾಲುದ್ದ ನೀರು.
ಕಡಲು ತನ್ನ ಮಾತು ವಾಪಸು ಕೇಳಲು ಬಂದಿದೆ, ಅಂದ ಹೇಯಿನ್.
ನಾನು ಪ್ಲಂಬರಿಗೆ ಫೋನು ಮಾಡಿದೆ.

ಹೇಯಿನ್ ಬಿಡಿಸಿ ಹೇಳಿದ:
ದಿನಾ ಮುಟ್ಟುವುದು ಬಿಸಿಯಲ್ಲಿ,
ಆಗೀಗ ಬೇಕಾಗುವುದು ತಂಪಿನಲ್ಲಿ,
ಯಾರೂ ಕೇಳದ್ದು ಹೆಪ್ಪುಗಟ್ಟಿಸಿ ಆಚೆಗೆ.
ಅದೇ ಅಗ್ಗ. ಆದರೆ ಕರಗಿಸಿ ಕೊಡಲು ಹನ್ನೆರಡು ತಾಸು.
ಅಷ್ಟು ತಿಳಿಯದೆ ಏನು,
ಅಡುಗೆಮನೆ, ಉಪ್ಪಿನ ಪೀಪಾಯಿ,
ಹಿತ್ತಿಲ ಗಾಳಿಮನೆಯಲ್ಲಿ ತೂಗುವ ಕುರಿತೊಡೆ.
ಅಕ್ಟೋಬರಿನಲ್ಲಿ ನೇತುಹಾಕಿದ್ದನ್ನು
ನವೆಂಬರಿನಲ್ಲಿ ಕೇಳಬಾರದು.

ಎರಡನೆಯ ಕಂಪನಿಯ ದರಕ್ಕೆ ನಾನು ಮನಸೋತಿದ್ದೆ.
ಇರುವೆಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಕೊನೆಗೆ ಬರೆದಿತ್ತು:
ಒಳಗೆ ಹಾಕಲು ಕಾಸಿಲ್ಲ, ಹೊರಗೆ ತೆಗೆಯಲು ಗಿಗಾಬೈಟಿಗಿಷ್ಟು.
ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ.
ಸರಕು ಒಂದು ದೇಶದಲ್ಲಿ, ಲೆಕ್ಕ ಹಾಕುವ ಯಂತ್ರ ಇನ್ನೊಂದರಲ್ಲಿ ಇಟ್ಟರೆ
ಪ್ರಶ್ನೆ ಪ್ರಶ್ನೆಗೂ ದೋಣಿ ಬಾಡಿಗೆ.
ಕಡತಗಳೋ ನಾಲ್ಕು ಕೋಟಿ, ಒಂದೊಂದೂ ಚಿಟಿಕೆಯಷ್ಟು,
ಮುಟ್ಟಿದ್ದಕ್ಕೆಲ್ಲ ದುಡ್ಡು.
ಮೀನಿಗೊಂದು ಪೆಟ್ಟಿಗೆ ಮಾಡಿ ಯಾರಾದರೂ ರವಾನಿಸುತ್ತಾರೆಯೇ?
ಕಂತೆ ಕಟ್ಟು ಅಂದೆ. ಕಟ್ಟುತ್ತೇನೆ ಅಂದ.

ಪಟ್ಟಿಯ ಕೊನೆಯಲ್ಲಿ ಒಂದು ಸಾಲು: ಗದ್ದಲ.
ಹೆರಿಂಗ್ ಹೆಕ್ಕಿದ ಮೇಲೆ ಉಳಿದ ಗಸಿ,
ಗುಳ್ಳೆ, ಪಂಖದ ಗುಂಯ್, ತೆರೆಯ ಮೇಲಿನ ಮಬ್ಬು.
ನೂರರಲ್ಲಿ ಅರವತ್ತೊಂದು ಪಾಲು ಅದೇ.
ಕಡಲಿಗೆ ಸುರಿದರೂ ಅಳೆದು ಸುರಿಯುವವಳು ನಾನು,
ಕೆಂಪು ಶಾಯಿಯಲ್ಲಿ ಬರೆದೆ: ಅಳಿಸಿ.
ಎಷ್ಟು ಚೆಂದದ ಉಳಿತಾಯ!

ರನ್ವಾ ಬಂದದ್ದು ಪ್ರಯಾಣಭತ್ಯೆಗೆ.
ಮಿಚಿನೇಸ್ ದ್ವೀಪದ ಬಿಲಗಳಿಗೆ ಭುಜದವರೆಗೆ ಕೈಹಾಕಿ
ಪಫಿನ್ ಮರಿಗಳನ್ನು ಎಣಿಸುವವಳು,
ಉಗುರಲ್ಲಿ ಇನ್ನೂ ಮಣ್ಣು.
ಮೇಜಿನ ಮೇಲಿದ್ದ ಚಿತ್ರವನ್ನು ತಲೆಕೆಳಗಾಗಿಯೇ ನೋಡಿದಳು.
ಈ ಮಬ್ಬು ಯಾವ ವರ್ಷದ್ದು?
ಅದು ಗದ್ದಲ, ಅಂದ ಹೇಯಿನ್.
ಮರಳುಮೀನಿಗೆ ಹೊಟ್ಟೆಯೊಳಗೆ ಗಾಳಿಚೀಲವಿಲ್ಲ, ಅಂದಳು ಅವಳು,
ಕರೆದರೆ ಗಟ್ಟಿಯಾಗಿ ಓಗೊಡಲು ಬರುವುದಿಲ್ಲ ಅದಕ್ಕೆ.

ಜೇಬಿನಿಂದ ನೀರು ಕುಡಿದು ಉಬ್ಬಿದ ನೋಟುಪುಸ್ತಕ.
ಆ ಬೇಸಿಗೆ: ಬಿಲ ನೂರ ಎಂಬತ್ತು, ಮರಿ ನಾಲ್ಕು.
ಮಬ್ಬು ಇದ್ದ ವರ್ಷ, ಇಲ್ಲದ ವರ್ಷ
ಪಕ್ಕಪಕ್ಕ ಇಟ್ಟು ನೋಡಬೇಕು.
ಮೀನೇ ಇರಬಹುದು.
ಬರೀ ಗುಳ್ಳೆಯೂ ಇರಬಹುದು.

ಕೆಂಪು ಶಾಯಿ ಅಳಿಸುವುದಿಲ್ಲ. ಹೊಸ ಹಾಳೆ ತೆಗೆದುಕೊಂಡೆ.
ಮೂರನೆಯ ಕಂಪನಿ, ನಡುವಿನ ದರ,
ಯಂತ್ರವೂ ಸರಕೂ ಒಂದೇ ಸೂರಿನಡಿ, ಹೊರಬಾಗಿಲಿಗೆ ಸುಂಕ ಕಡಿಮೆ.
ಗದ್ದಲವೆಲ್ಲ ಹೆಪ್ಪಿನ ಕಪಾಟಿಗೆ.
'ಕಾರಣ' ಎಂಬ ಖಾನೆಯ ಮುಂದೆ ಪೆನ್ನು ಬಹಳ ಹೊತ್ತು ನಿಂತಿತು.
ಗೊತ್ತಿಲ್ಲದ್ದಕ್ಕೆ ನಮ್ಮ ಲೆಕ್ಕದಲ್ಲಿ ಶೀರ್ಷಿಕೆಯಿಲ್ಲ.
ಗೋದಾಮು ಬಾಡಿಗೆ, ಎಂದು ಬರೆದೆ.

ಮೇ ತಿಂಗಳಲ್ಲಿ ರನ್ವಾ ಮೊದಲ ಸಲ ಕೇಳಿಕೆ ಹಾಕಿ
ಹನ್ನೆರಡು ತಾಸು ಕಾಯದೆ ದೋಣಿ ಹತ್ತಿದಳು.
ಎಲ್ಲೋ ಕಡಲಾಚೆ ಆ ಹಳೆಯ ಬೇಸಿಗೆ ಕರಗುತ್ತಿತ್ತು.
ಉತ್ತರಕ್ಕಿಂತ ಮೊದಲು ಬಿಲ್ಲು ಬಂತು.
ಸಹಿ ಹಾಕಿದೆ.