ಒಣ ತೂಕ

ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರ ಮುಂದೆ
ಇಪ್ಪತ್ತಾರು ವರ್ಷ ಕೂತವನು ನಾನು.
ಕಾದ ಮರಳಿಗೆ ಬಿದ್ದ ಅಕ್ಕಿ
ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದು
ಆಮೇಲೆ ಒಟ್ಟಿಗೇ ಉಬ್ಬುವುದನ್ನು
ಕಣ್ಣು ಮುಚ್ಚಿಯೂ ಹೇಳಬಲ್ಲೆ, ಸದ್ದಿನಲ್ಲೇ.
ಆಗ ಎಷ್ಟು ನೀರು ಕುಡಿದರೂ
ಬೆನ್ನೇ ಬೆವರಾಗಿ ಲೆಕ್ಕ ಒಪ್ಪಿಸುತ್ತಿತ್ತು.

ಈಗ ಉಬ್ಬುವುದು ನಾನು.
ಭಾನುವಾರ ರಾತ್ರಿ ಪಾದ, ಬೆಳಗಿನ ಹೊತ್ತಿಗೆ ರೆಪ್ಪೆ.
ಸೋಮವಾರ, ಗುರುವಾರ
ದೊಡ್ಡಾಸ್ಪತ್ರೆಯ ತಕ್ಕಡಿ ಹತ್ತಿದರೆ
ಅಂಜಿನಪ್ಪ ಪುಸ್ತಕ ನೋಡಿ ಹೇಳುತ್ತಾನೆ:
"ಒಣ ತೂಕ ಐವತ್ತೆರಡು. ಮೂರೂವರೆ ಕಿಲೋ ತೆಗೀಬೇಕು."
ಮೂರೂವರೆ ಕಿಲೋ ಮಂಡಕ್ಕಿ ಎಂದರೆ ದೊಡ್ಡ ಚೀಲ,
ತಲೆ ಮೇಲಿದ್ದರೂ ಹೊತ್ತ ಹಾಗಿರಲ್ಲ.
ಈ ಮೂರೂವರೆ ಬೇರೆ.

ಜೈತುನ್ ಬೆಳಿಗ್ಗೆ ಬಾಟಲಿಗೆ ಅಳತೆ ನೀರು ಹಾಕಿಡುತ್ತಾಳೆ,
ನೇಲ್ ಪಾಲಿಶ್‌ನಲ್ಲಿ ಗೆರೆ ಎಳೆದು.
ಮಾತ್ರೆಗೆ ಒಂದು ಗುಟುಕು, ಟೀಗೆ ಒಂದು ಪಾಲು.
ಅವಳು ನಲ್ಲಿ ಬಿಟ್ಟು ಪಾತ್ರೆ ತೊಳೆಯುವಾಗ
ನಾನು ಎದ್ದು ಹೊರಗೆ ಹೋಗುತ್ತೇನೆ.
ಮದುವೆಯಾದ ಇಷ್ಟು ವರ್ಷಕ್ಕೆ
ನೀರಿನ ಸದ್ದಿಗಾಗಿ ಅವಳ ಮೇಲೆ ರೇಗಿದೆ
ಎಂದು ಯಾರಿಗೆ ಹೇಳಲಿ?

ಎಡಗೈಯಲ್ಲಿ ಫಿಸ್ಟುಲಾ.
ಆ ಕೈ ಮೇಲೆ ಮಲಗಬಾರದಂತೆ, ಭಾರ ಎತ್ತಬಾರದಂತೆ.
ರಾತ್ರಿ ಕಿವಿಗೆ ಹಿಡಿದರೆ ಗುಂಯ್ ಎನ್ನುತ್ತದೆ,
ದೂರದ ಭಟ್ಟಿಯ ಬ್ಲೋವರ್ ಹಾಗೆ.
ಕೆಲವು ರಾತ್ರಿ ಅದು ನಿಂತಿತೇ ಎಂದು ಹೆದರುತ್ತೇನೆ.
ಕೆಲವು ರಾತ್ರಿ, ನಿಲ್ಲಲಿ.

ಮೊನ್ನೆ ಒಬ್ಬ ಹುಡುಗಿ ಬಂದಿದ್ದಳು, ಕೈಯಲ್ಲಿ ಹಾಳೆ.
"ಕಳೆದ ಎರಡು ವಾರದಲ್ಲಿ ಎಷ್ಟು ದಿನ ಬೇಜಾರಾಗಿತ್ತು?
ಒಂದು ದಿನವೂ ಇಲ್ಲ, ಕೆಲವು ದಿನ,
ಅರ್ಧಕ್ಕಿಂತ ಹೆಚ್ಚು, ದಿನಾಲೂ?"
ಮಷೀನಿನ ದಿನದ್ದು ಬೇರೆ ಲೆಕ್ಕವೇನಮ್ಮಾ ಎಂದೆ.
ಅವಳು ಹಾಳೆ ತಿರುಗಿಸಿ ನೋಡಿದಳು.
ಕೊನೆಯ ಪ್ರಶ್ನೆಯನ್ನು ಮೆಲ್ಲಗೆ ಓದಿದಳು.
ಇಲ್ಲ ಎಂದೆ.

ಒಂದು ಗುರುವಾರವಿತ್ತು.
ಆಟೋದವನಿಗೆ, ಆಸ್ಪತ್ರೆ ಬೇಡ, ಭಟ್ಟಿ ಹತ್ತಿರ ಬಿಡು ಅಂದಿದ್ದೆ.
ಹೊಗೆ, ಹೊಟ್ಟು, ಅದೇ ಮಸಿಗೋಡೆ.
ನನ್ನ ಜಾಗದಲ್ಲಿ ಗುರುತಿಲ್ಲದ ಹುಡುಗ,
ಚಾಚಾ ಎಂದು ಲೋಟದ ತುಂಬ ನೀರು ಕೊಟ್ಟ.
ಲೋಟ ಕೈಯಲ್ಲಿರುವಾಗಲೇ ಫೋನ್ ಹೊಡಕೊಂಡಿತು.
ಪಕ್ಕದ ಹಾಸಿಗೆಯ ಕೊಟ್ರಮ್ಮ:
"ಎಲ್ಲಿ ಸತ್ತೀಯೋ ಬುಡೇನಾ?
ನಿನ್ ಹಾಸಿಗೆ ಮ್ಯಾಲೆ ಯಾರನ್ನೋ ಮಲಗಿಸ್ಯಾರೆ,
ನಾಕ್ ತಾಸು ಅವನ ಸೊಸೆ ಪುರಾಣ ಕೇಳಾಕೆ
ನನ್ ಕೈಲಾಗಲ್ಲ. ಬಾ."

ಎಲ್ಲಿ ಸತ್ತೀಯೋ.
ಹಾಳೆಯಲ್ಲಿ ಹೀಗೆ ಕೇಳಿದ್ದರೆ
ಹೇಳುತ್ತಿದ್ದೆನೇನೋ.

ಹೋದೆ. ಅರ್ಧ ಲೋಟ ಕುಡಿದೇ ಹೋದೆ, ಸುಳ್ಳು ಯಾಕೆ.
ತಕ್ಕಡಿ ಚಾಡಿ ಹೇಳಿತು.
ಅಂಜಿನಪ್ಪ ನೋಡಿದ, ಬರಕೊಂಡ, ಸೂಜಿ ಹಾಕಿದ.
ಕೊಟ್ರಮ್ಮ ಸೆರಗಿನ ಗಂಟು ಬಿಚ್ಚಿ
ಒಂದು ಹಿಡಿ ಮಂಡಕ್ಕಿ ಚಾಚಿದಳು, ಉಪ್ಪಿಲ್ಲದ್ದು.
"ಹಳೇದು, ಮೆತ್ತಗಾಗೈತಿ" ಅಂದಳು.
ಒಂದನ್ನು ಹಲ್ಲಿಗಿಟ್ಟು ಸದ್ದು ಕೇಳಿದೆ.
ಮೆತ್ತಗೇ ಇತ್ತು.
ತಿಂದೆ.