ವೇಬಿಲ್ಲು

ಮಂಡ್ಯದ ನೂರಡಿ ರಸ್ತೆ. ಸಿಮೆಂಟು ಅಂಗಡಿಯ ಮೇಲೆ ಜಿಮ್ಮು,
ಹದಿನೆಂಟು ಮೆಟ್ಟಿಲು.
ಮೊದಲ ದಿನ ಏಳನೆಯದರಲ್ಲಿ ನಿಂತು
ಏನೋ ಮರೆತವಳ ಹಾಗೆ ಬ್ಯಾಗು ತಡಕಿದೆ.

ಮೂಲೆಯಲ್ಲಿ ಅದು, ಎಲಿಪ್ಟಿಕಲ್ಲು:
ಎರಡು ಪಾದಗಟ್ಟೆ, ಎರಡು ಹಿಡಿಕೆ,
ಚಕ್ರ ಇದೆ, ರಸ್ತೆ ಇಲ್ಲ.
"ಹತ್ತಿ ಆಂಟಿ, ಕಾಲು ಮೇಲೇಳೋದೇ ಇಲ್ಲ,
ಮಂಡಿಗೆ ಪೆಟ್ಟು ಬೀಳಲ್ಲ" ಎಂದ ಹುಡುಗ ಲಿಖಿತ್,
ಪುಸ್ತಕದಲ್ಲಿ ಬರೆದುಕೊಂಡ:
ಚಂದ್ರಮತಿ, ಅರವತ್ತೊಂದು, ನಿವೃತ್ತ ಕಂಡಕ್ಟರ್.

ಇಪ್ಪತ್ತೊಂಬತ್ತು ವರ್ಷ ನಾನು ನಿಂತಿದ್ದೆ, ರಸ್ತೆ ಓಡಿತು.
ಇಂಡುವಾಳು, ತೂಬಿನಕೆರೆ, ಬಾಬುರಾಯನಕೊಪ್ಪಲು,
ಊರುಗಳೇ ಹತ್ತಿ, ಚಿಲ್ಲರೆಗೆ ಜಗಳವಾಡಿ, ಇಳಿದು ಹೋದವು.
ಈಗ ನಾನು ಓಡುತ್ತೇನೆ.
ಕಿಟಕಿಯಾಚೆ ಎಳನೀರಿನ ಗಾಡಿ ಅಲ್ಲೇ ಇದೆ.

ಇಪ್ಪತ್ತು ನಿಮಿಷಕ್ಕೆ ಪರದೆ ಹೇಳಿತು:
ಎರಡು ಕಿಲೋಮೀಟರು, ಇನ್ನೂರು ಕ್ಯಾಲರಿ.
ಎರಡು ಕಿಲೋಮೀಟರಿಗೆ ನಮ್ಮ ಗಾಡಿ ಊರೇ ಬಿಟ್ಟಿರದು,
ಡ್ರೈವರ್ ದೊಡ್ಡಸಿದ್ದೇಗೌಡನ ಬಾಯಲ್ಲಿ
ಎಲೆ ಅಡಿಕೆ ಇನ್ನೂ ಕೆಂಪಾಗಿರದು.
ಮತ್ತೆ ಆ ಇನ್ನೂರು?
ನನ್ನ ತೂಕ ಕೇಳಲಿಲ್ಲ, ವಯಸ್ಸು ಕೇಳಲಿಲ್ಲ,
ಪಕ್ಕದ ಪೈಲ್ವಾನನಿಗೂ ನನಗೂ ಒಂದೇ ದರ.
ಎಂಟಾಣೆ ತಾಳೆಯಾಗದೆ ರಾತ್ರಿ ಹತ್ತರವರೆಗೆ
ಡಿಪೋ ಕೌಂಟರಿನ ಮುಂದೆ ನಿಂತವಳಿಗೆ
ಇಂಥ ಧಾರಾಳದ ಲೆಕ್ಕ ಗೊತ್ತು.
ಇದನ್ನು ನಂಬಿ ಒಂದು ಒಬ್ಬಟ್ಟು ಹೆಚ್ಚಿಗೆ ತಿಂದರೆ
ಚೆಕ್ಕಿಂಗು ಹತ್ತುವುದು ರಕ್ತದೊಳಗೆ.

ಮೂರನೇ ವಾರ ಒಂದು ಕಳ್ಳದಾರಿ ಸಿಕ್ಕಿತು.
ಹಿಡಿಕೆಯ ಮೇಲೆ ಮೈಭಾರ ಹಾಕಿ,
ಬಿಗಿ ಒಂದಕ್ಕೆ ಇಳಿಸಿ,
ಚಕ್ರದ ಓಟಕ್ಕೇ ಕಾಲು ಬಿಟ್ಟುಕೊಟ್ಟರೆ
ಬೆವರದೆಯೇ ಅರ್ಧ ಗಂಟೆ ಕಳೆಯುತ್ತದೆ.
ಟಿಕೇಟಿಲ್ಲದ ಪ್ರಯಾಣ.
ಕಿಟಕಿಗೆ ತಲೆಯಿಟ್ಟು ನಿದ್ದೆ ನಟಿಸುವವರನ್ನು
ಎಷ್ಟು ಜನರನ್ನು ಎಬ್ಬಿಸಿಲ್ಲ ನಾನು?
ಅವತ್ತು ನನ್ನ ಭುಜವನ್ನೇ ತಟ್ಟಿಕೊಂಡೆ: ತಗೊಳವ್ವ ಟಿಕೇಟು.
ಬಿಗಿ ಐದು. ಬೆನ್ನು ನೆಟ್ಟಗೆ. ಕೈ ಹಗುರ.
ಯಾರಾದರೂ ಮಾತಾಡಿಸಿದರೆ
ಎರಡೇ ಪದಕ್ಕೆ ಉಸಿರು ಮುಗಿಯುವಷ್ಟು.

"ನಿಂತಲ್ಲೇ ನಡಿಯಕ್ಕೆ ಕಾಸು ಕೊಟ್ಟಿಯಾ?
ನಾಲೆ ಏರಿ ಏನು ಸವೆದೋಗದಾ?"
ಎದುರು ಮನೆ ಪುಟ್ಟನರಸಮ್ಮ ಬಾಗಿಲಿಗೆ ನೀರು ಹಾಕುತ್ತ ಕೇಳಿದಳು.
ಅವಳ ಮಂಡಿ ಅವಳದು; ಮಾತೂ ಸುಳ್ಳಲ್ಲ.
ಎಲುಬಿಗೆ ನೆಲದ ಪೆಟ್ಟೂ ಒಂದಿಷ್ಟು ಬೇಕಂತೆ.
ಭಾನುವಾರ ಅವಳ ಜೊತೆ ಏರಿ ಮೇಲೆ ಹೋಗುತ್ತೇನೆ,
ನಿಧಾನ, ಅವಳ ಸೊಸೆಯ ಸುದ್ದಿ ಮುಗಿಯುವಷ್ಟು ದೂರ.

ಮೂರು ತಿಂಗಳ ವೇಬಿಲ್ಲು:
ತೂಕ ಒಂದೂವರೆ ಕೆಜಿ ಇಳಿಯಿತು,
ಗೌರಿ ಹಬ್ಬಕ್ಕೆ ಮುಕ್ಕಾಲು ವಾಪಸ್ಸು ಹತ್ತಿತು.
ಸಕ್ಕರೆ ಇನ್ನೂರ ಹದಿನಾರಿದ್ದದ್ದು ನೂರ ಐವತ್ತೆಂಟು.
"ಸಕ್ಕರೆ ಊರಲ್ಲಿ ಇಷ್ಟು ಇಳಿದರೆ ದೊಡ್ಡದು" ಎಂದರು ಡಾಕ್ಟರು, ನಗದೆ.
ಮಾತ್ರೆಯ ಪಾಲೆಷ್ಟು, ಯಂತ್ರದ ಪಾಲೆಷ್ಟು,
ಯಾರು ಬೇರೆ ಬೇರೆ ಹರಿದು ಕೊಟ್ಟಾರು?
ಹದಿನೆಂಟು ಮೆಟ್ಟಿಲು ಮಾತ್ರ
ಈಗ ಬ್ಯಾಗು ತಡಕದೆ ಹತ್ತುತ್ತೇನೆ.

ಮೊನ್ನೆ ತಂಗಿ ಮೊಮ್ಮಗನ ನಾಮಕರಣಕ್ಕೆ ಮೈಸೂರಿಗೆ ಹೊರಟೆ.
ಕಂಬಿ ಹಿಡಿಯದೆ ಫುಟ್‌ಬೋರ್ಡು ಹತ್ತಿದೆ, ಯಾರೂ ನೋಡಲಿಲ್ಲ.
ಕಂಡಕ್ಟರು ಹುಡುಗಿ ಶೂನ್ಯ ಟಿಕೇಟು ಕೊಟ್ಟು
"ಕೂತ್ಕೊ ಅಜ್ಜಿ" ಎಂದಳು.
ಕೂರಲಿಲ್ಲ.
ಶ್ರೀರಂಗಪಟ್ಟಣದ ಹತ್ತಿರ ಎಮ್ಮೆಯೊಂದು ಅಡ್ಡ ಬಂದು
ಡ್ರೈವರು ಬ್ರೇಕು ತುಳಿದಾಗ
ಇಡೀ ಬಸ್ಸಿನ ಕೈಗಳು ಏನಾದರೂ ಹುಡುಕಿದವು.
ನನ್ನ ಪಾದ ಒಂದು ತಾನಾಗಿ ಮುಂದೆ ಜಾರಿತು,
ಇನ್ನೊಂದು ಹಿಂದೆ,
ಮೈ ನಡುವೆ ನಿಂತಿತು.
ಆ ಹುಡುಗಿ ಒಮ್ಮೆ ನನ್ನ ಕಾಲು ನೋಡಿದಳು,
ಒಮ್ಮೆ ಮುಖ.
"ಯಾವ ಡಿಪೋ?" ಎಂದಳು.

ಪಶ್ಚಿಮವಾಹಿನಿವರೆಗೂ ನಿಂತೇ ಇದ್ದೆ.
ಆಮೇಲೆ ಕೂತೆ. ಸುಳ್ಳು ಯಾಕೆ.