ಮಾತಿಗೆ

ಮಂಡ್ಯದ ಕೋರ್ಟಿನಲ್ಲಿ ನನ್ನದು ಅನುವಾದದ ಮೇಜು.
ಒಂದು ಕಾಲು ಗಿಡ್ಡ; ಅಡಿಗೆ ಹಳೆಯ ಸಮನ್ಸು ಮಡಿಸಿಟ್ಟಿದ್ದೇನೆ.
ಕನ್ನಡದಲ್ಲಿ ಅತ್ತದ್ದು, ಬೈದದ್ದು, ಆಣೆ ಇಟ್ಟದ್ದು
ಇಲ್ಲಿಂದ ಇಂಗ್ಲಿಷಾಗಿ ಮೇಲಿನ ಕೋರ್ಟಿನ ಬಸ್ಸು ಹತ್ತುತ್ತದೆ.

ಇವತ್ತಿನ ಕಾಗದ: ಕೆಂಪಾಜಮ್ಮ, ವಯಸ್ಸು ಅರವತ್ತೋ ಎಪ್ಪತ್ತೋ.
ಪಕ್ಕದ ಮನೆ ಪುಟ್ಟಮಾದನ ಮೇಕೆ
ಇವಳ ಚಪ್ಪರದವರೆ ಬಳ್ಳಿಯನ್ನು ಬುಡಸಮೇತ ಮೇಯ್ದ ದಿನ
ಬೀದಿಗೆ ಬಂದು, ನಾಲ್ಕು ಜನರ ಮುಂದೆ,
"ನಿನ್ ಚರ್ಮ ಸುಲ್ದು ಚಪ್ಲಿ ಹೊಲುಸ್ಕತೀನಿ ಕಣ್ಲಾ"
ಎಂದಳಂತೆ.
ಜೀವಬೆದರಿಕೆ. ಐನೂರಾ ಆರನೇ ಕಲಮು.

ಅಕ್ಷರಕ್ಕೆ ಅಕ್ಷರ ಇಳಿಸಿದೆ. ಓದಿಕೊಂಡರೆ ನನಗೇ ದಿಗಿಲು:
ಆ ಭಾಷೆಯಲ್ಲಿ ಅವಳ ಕೈಗೆ ಕತ್ತಿ ಬಂದಿತ್ತು,
ಮಾದನ ಬೆನ್ನು ಬಿಸಿಲಿಗೆ ಒಣಗುತ್ತಿತ್ತು.

ಕತ್ತಿ ಕಿತ್ತುಕೊಳ್ಳಲು ಒಂದು ಪದ ಬೇಕು.
ನಿಘಂಟು ಕೊಟ್ಟಿತು: ಹೈಪರ್ಬಾಲಿಕಲಿ. ಕ್ರಿಯಾವಿಶೇಷಣ.
ಅಂದರೆ, ಅತಿಶಯೋಕ್ತಿಯಿಂದ; ಉತ್ಪ್ರೇಕ್ಷೆಯಾಗಿ.
ಬಳಕೆ: ಆಡಿದ ಮಾತಿನ ಬೆನ್ನ ಹಿಂದೆ ನಿಂತು
ನಂಬಬೇಡಿ ಎಂದು ಕಣ್ಣು ಮಿಟುಕಿಸಲು.
ಸಾಲಿನೊಳಗೆ ತೂರಿಸಿ ನೋಡಿದೆ.
ಬೀಗರೂಟದ ಪಂಕ್ತಿಯಲ್ಲಿ ಕೋಟು ತೊಟ್ಟು ಕೂತವನಂತೆ
ಮುದ್ದೆ ಮುರಿಯಲು ಬಾರದೆ ಅತ್ತಿತ್ತ ನೋಡಿತು.
ಹೊಡೆದುಹಾಕಿದೆ. ಇಲ್ಲದ್ದನ್ನು ಸೇರಿಸುವ
ಅಧಿಕಾರವೂ ನನಗಿಲ್ಲ.

ಆದರೂ, ಈ ಸೀಮೆಯಲ್ಲಿ ಯಾರು ಹಾಗಂದಿಲ್ಲ?
ನಮ್ಮವ್ವ ದಿನಾ ನನ್ನ ಕಾಲು ಮುರಿದಳು,
ಸಂಜೆ ಅದೇ ಕಾಲಿಗೆ ಹರಳೆಣ್ಣೆ ತಿಕ್ಕಿದಳು.
ಆಲೆಮನೆಯ ಬೋರಣ್ಣ ಬಿಸಿ ಬೆಲ್ಲ ಕೈಗಿಟ್ಟು
"ತಿನ್ನು, ಸತ್ತೋನೂ ಎದ್ದು ಕೂತ್ಕತನೆ" ಅನ್ನುತ್ತಿದ್ದ.
ಯಾರೂ ಸುಡುಗಾಡಿಗೆ ಬೆಲ್ಲ ಹೊತ್ತದ್ದು ಕಾಣೆ.

ನಾಲ್ಕನೇ ಪುಟ, ಪಾಟೀಸವಾಲು.
ಹಾಗಂದದ್ದು ಹೌದೋ ಅಲ್ಲವೋ?
"ಹೂಂ, ಅಂದೆ. ಮಾತಿಗಂದೆ ಸ್ವಾಮಿ."

ಮಾತಿಗೆ.
ಮೂರೇ ಅಕ್ಷರ, ತುದಿಯಲ್ಲೊಂದು ಗೆ.
ಕೊಲ್ಲುವುದಕ್ಕಲ್ಲ, ಚರ್ಮಕ್ಕಲ್ಲ, ಚಪ್ಪಲಿಗಲ್ಲ,
ಮಾತಿಗೆಂದೇ ಎತ್ತಿಟ್ಟು ಅಲ್ಲೇ ಮುಗಿದದ್ದು.
ಎರಡನೇ ಪುಟದಿಂದ ಎಬ್ಬಿಸಿ ಕಳಿಸಿದ್ದ ಕೋಟಿನವನನ್ನು ಕರೆದು
ಇಲ್ಲಿ ಕೂರಿಸಿದೆ. ಎಲೆ ಹಾಕಿಯೇ ಇತ್ತು.

ಕೇಸು ಬಿದ್ದುಹೋದ ಮಾರನೆಯ ವಾರ
ಬಾಗಿಲಲ್ಲಿ ಕೆಂಪಾಜಮ್ಮ. ಹಿಂದೆ ಪುಟ್ಟಮಾದ;
ಇಬ್ಬರೂ ಒಂದೇ ಆಟೋದಲ್ಲಿ ಬಂದಿದ್ದರು.
ಯಾರು ಹೇಳಿದರೋ ನನ್ನ ಹೆಸರು.
"ನನ್ ಚರ್ಮ ಸುಲ್ದು ಚಪ್ಲಿ ಹೊಲ್ಸಿ ಮೆಟ್ಟುಸುದ್ರೂ
ತೀರಾಕಿಲ್ಲ ಬುದ್ಧಿ ನಿಮ್ ರುಣ."

ಅದೇ ಕಸುಬು, ಅದೇ ಜೋಡು. ಚರ್ಮ ಮಾತ್ರ ಈ ಸಲ ಅವಳದು.
ಮಾದ ನೆಲ ನೋಡಿ ನಕ್ಕ.
ನಾನು ಮೇಜಿನಡಿ ಪಾದ ಎಳೆದುಕೊಂಡೆ.
ಎಡಗಾಲಿನ ಉಂಗುಷ್ಟ ಕಿತ್ತು ವಾರವಾಗಿತ್ತು,
ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದೆ.

ಮುದುಕಿಯ ಕಣ್ಣಿಗೆ ಬಿದ್ದೇಬಿಟ್ಟಿತು.
"ಗೇಟ್ ತಾವ ಕೂತವ್ನೆ, ಒಂದ್ ಒಲ್ಗೆ ಹಾಕುಸ್ಕಳಿ.
ಹತ್ತೇ ರೂಪಾಯಿ."